ದಿವಾನ್ ಪೂರ್ಣಯ್ಯನವರು

ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಹಿಂದೆ ಪಾಪನಪಲ್ಲಿ ಎಂಬ ಹೆಸರಿತ್ತು. ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಆ ಊರಿಗೆ ಇಟ್ಟರು. ಕೋಲಾರ, ಮಾಲೂರು, ಮುಳಬಾಗಿಲು ಸೀಮೆಗಳೆಲ್ಲ ಅಂದು ಅವರ ಆಡಳಿತಕ್ಕೆ ಒಳಪಟ್ಟಿದ್ದವು.

ಪೂರ್ಣಯ್ಯನವರು 1746ರಲ್ಲಿ ಕೊಯಮತ್ತೂರು ಸೀಮೆಯ ಬಡ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ವರ್ತಕರ ಬಳಿ ಲೆಕ್ಕ ಬರೆಯುತ್ತ ಜೀವನವನ್ನು ಆರಂಭಿಸಿ, ತಮ್ಮ ಜಾಣ್ಮೆಯಿಂದ ಹೈದರಾಲಿಯ ಸೇವೆಗೆ ಸೇರಿದರು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಸಮೀಪದ ದಂಡಿನಲ್ಲಿ ಹೈದರನು ಮರಣಹೊಂದಿದಾಗ, ಮಲಬಾರಿನಲ್ಲಿದ್ದ ಟಿಪ್ಪು ಬರುವವರೆಗೆ ಆ ಸುದ್ದಿ ಹೊರಬೀಳದಂತೆ ಕಾಪಾಡಿದವರಲ್ಲಿ ಪೂರ್ಣಯ್ಯನವರು ಪ್ರಮುಖರು. ಹೈದರನ ದೇಹವನ್ನು ಬೆಲೆಬಾಳುವ ಸಾಮಗ್ರಿಯ ಪೆಟ್ಟಿಗೆಯೆಂಬಂತೆ ಕಾವಲಿನೊಡನೆ ಮೊದಲು ಕೋಲಾರಕ್ಕೆ ಸಾಗಿಸಲಾಯಿತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ರಾಜ್ಯದ ಹೊಣೆ ದಿವಾನರ ಮೇಲೆ ಬಿದ್ದಿತು. ಕೆರೆ, ಕಾಲುವೆ, ಸೇತುವೆಗಳ ಕೆಲಸ ಭರದಿಂದ ಸಾಗಿತು. ಆದರೆ ಕೆರೆ ಕಟ್ಟೆಗಳಿಂದ ತಡೆಯಲಾಗದ ಶತ್ರುವೊಂದು ನಾಡಿನಲ್ಲಿತ್ತು. ಅದೇ ಸಿಡುಬು. ಜನರು ಅದನ್ನು ಅಮ್ಮನೆಂದು ಕರೆದು ಭಯಭಕ್ತಿಗಳಿಂದ ನಡೆದುಕೊಳ್ಳುತ್ತಿದ್ದರು. ರೋಗಿಯ ಬೊಕ್ಕೆಯಿಂದಲೇ ಕೀವನ್ನು ತೆಗೆದು ಆರೋಗ್ಯವಂತರಿಗೆ ಹಾಕುವ ಹಳೆಯ ಪದ್ಧತಿಯೊಂದು ಇತ್ತಾದರೂ, ಅದರಿಂದ ಕೆಲವರು ಸಾಯುತ್ತಿದ್ದರು. ಇತರರಿಗೂ ರೋಗ ಹರಡುತ್ತಿತ್ತು.

1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನಿಂದ ಸುಲಭವಾದ ರಕ್ಷಣೆಯನ್ನು ಪಡೆಯಬಹುದೆಂದು ತೋರಿಸಿದನು. ಆ ಲಸಿಕೆ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ಬಂದು, 1802ರ ಜೂನ್ 14ರಂದು ಆನಾ ಡಸ್ತಾಲ್ ಎಂಬ ಮೂರು ವರ್ಷದ ಬಾಲೆಯ ತೋಳನ್ನು ಸೇರಿತು. ಆಗ ಮಂಜುಗಡ್ಡೆಯ ಪೆಟ್ಟಿಗೆಗಳಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯ ನೀರನ್ನು ಒಂದು ವಾರದ ತರುವಾಯ ಮತ್ತೊಂದು ಮಗುವಿಗೆ ಹಾಕಬೇಕು. ಹೀಗೆ ತೋಳಿನಿಂದ ತೋಳಿಗೆ ಅದು ಊರೂರು ದಾಟಬೇಕು.

ಕಾಯಿಲೆಯ ಮಗುವಿಗೆ ಔಷಧ ಕೊಡಲು ಯಾವ ತಾಯಿಯೂ ಹಿಂಜರಿಯಳು. ಆಡಿಕೊಂಡಿರುವ ಮಗುವಿನ ತೋಳನ್ನು ಗೀರಿ, ಯಾರದೋ ಮೈಯಿಂದ ಬಂದುದನ್ನು ಸೇರಿಸುವುದೆಂದರೆ ಮಾತು ಬೇರೆ. ಜಾತಿ ಕೆಟ್ಟೀತೆಂದು ಕೆಲವರಿಗೆ ಭಯ, ಅಮ್ಮ ಮುನಿದಾಳೆಂದು ಕೆಲವರಿಗೆ ಭಯ. ಪರದೇಶದವರು ತಂದದ್ದೆಂಬ ಶಂಕೆಯೂ ಸೇರಿತ್ತು. ಈ ಭಯಗಳನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಅರಮನೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಅರಸರಿಗೂ ಅವರ ಕೈಹಿಡಿದ ದೇವಾಜಮ್ಮಣ್ಣಿಯವರಿಗೂ ಆಗ ಹನ್ನೆರಡರ ಆಸುಪಾಸಿನ ವಯಸ್ಸು. ಬೇಕು ಬೇಡವೆನ್ನುವ ಪ್ರಾಯ ಅವರದಲ್ಲ. ನಿರ್ಧಾರ ಹಿರಿಯರದು: ಅಜ್ಜಿ ರಾಣಿ ಲಕ್ಷ್ಮಮ್ಮಣ್ಣಿಯವರು ಅಂತಃಪುರದ ಹಿರಿಯರು, ಪೂರ್ಣಯ್ಯನವರು ರಾಜ್ಯದ ಹಿರಿಯರು. ಕಿರಿಯ ರಾಣಿಗೆ ಕೇಡು ಸಂಭವಿಸಿದ್ದರೆ ಲಸಿಕೆಯ ಮಾತನ್ನು ನಾಡಿನಲ್ಲಿ ಮತ್ತೆ ಯಾರೂ ಎತ್ತುತ್ತಿರಲಿಲ್ಲ. ಆದರೂ ಹಿರಿಯರು ಒಪ್ಪಿದರು. ಲಸಿಕೆಯಾಯಿತು, ಅದನ್ನು ಮುಚ್ಚಿಡಲಿಲ್ಲ. ರಾಣಿಯ ನಿದರ್ಶನದಿಂದ ಜನರು ತಾವಾಗಿ ಮುಂದೆ ಬಂದರೆಂದು 1806ರ ಜುಲೈ ತಿಂಗಳ ದಾಖಲೆಯೊಂದು ತಿಳಿಸುತ್ತದೆ. ಚಿತ್ರಕಾರ ಥಾಮಸ್ ಹಿಕಿಯು ಆ ಕಾಲದಲ್ಲಿ ಬರೆದ, ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವವರು ದೇವಾಜಮ್ಮಣ್ಣಿಯವರೇ, ತೋರಿಸುತ್ತಿರುವುದು ಲಸಿಕೆಯ ಜಾಗವನ್ನೇ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ.

ಪೂರ್ಣಯ್ಯನವರು 1811ರಲ್ಲಿ ಅಧಿಕಾರವನ್ನು ಬಿಟ್ಟು, 1812ರ ಮಾರ್ಚ್ 27ರಂದು ಶ್ರೀರಂಗಪಟ್ಟಣದಲ್ಲಿ ನಿಧನರಾದರು. ಸಿಡುಬು ಜಗತ್ತಿನಿಂದಲೇ ಅಳಿಯಿತೆಂಬ ಘೋಷಣೆ ಹೊರಟದ್ದು 1980ರಲ್ಲಿ. ಅದಕ್ಕೆ ಮುಂಚಿನ ದಶಕಗಳಲ್ಲಿ ದಾಕು ಹಾಕುವವರು ಹಳ್ಳಿಗೆ ಬಂದರೆಂದರೆ ಮಕ್ಕಳನ್ನು ಅಡಗಿಸುವ ತಾಯಂದಿರೂ ಇದ್ದರು, ಕಂಕುಳಲ್ಲಿ ಎತ್ತಿಕೊಂಡು ಬರುವ ತಾಯಂದಿರೂ ಇದ್ದರು.