ದಿನದ ಧಮ್ಮ ಚಿಂತನೆ: ಹಿಮದ ರಾತ್ರಿಗಳು



ಬಂಧುಗಳೇ, ನಮ್ಮ ತೊಣ್ಣೂರು ಕೆರೆಯ ಮಾಗಿ ಗಾಳಿಗೇ ನಾನು ಕಂಬಳಿ ಬಿಟ್ಟು ಏಳುವುದಿಲ್ಲ. ಸಿದ್ಧಾರ್ಥ ಗೌತಮರು ಹಿಮ ಬೀಳುವ ಕಡುಚಳಿಯ ರಾತ್ರಿಗಳನ್ನು ಬಯಲಿನಲ್ಲೇ, ಬೆಂಕಿಯೂ ಇಲ್ಲದೆ ಕಳೆದರು ಎಂದು ಮಜ್ಝಿಮ ನಿಕಾಯ ಹೇಳುತ್ತದೆ.

29ನೇ ವಯಸ್ಸಿಗೆ ಮನೆ ಬಿಟ್ಟವರು ಆರು ವರ್ಷ ದೇಹ ದಂಡಿಸಿದರು. ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಸಿಗುವಷ್ಟು ಸೊರಗಿ ಸಾವಿನ ಅಂಚಿಗೆ ಬಂದರು. ದುಃಖ ಮಾತ್ರ ಹೋಗಲಿಲ್ಲ. ಕೊನೆಗೆ ಉರುವೇಲದಲ್ಲಿ ಸುಜಾತೆ ಕೊಟ್ಟ ಅನ್ನ ಉಂಡರು. ಜೊತೆಗಿದ್ದ ಐವರು ಬೇಸರದಿಂದ ಬಿಟ್ಟುಹೋದರೂ ಕದಲಲಿಲ್ಲ. ಚೇತರಿಸಿಕೊಂಡ ಅದೇ ದೇಹದಲ್ಲಿ ಬುದ್ಧರಾದರು. 80 ವರ್ಷ ಬದುಕಿದರು.

ಮುಂದೆ ವೇಸಾಲಿಯಲ್ಲಿ ಕೆಲವು ಭಿಕ್ಷುಗಳು ದೇಹಕ್ಕೆ ಹೇಸಿ ಪ್ರಾಣ ಕಳೆದುಕೊಂಡರು. ಆಗ ಬುದ್ಧರು ಉಳಿದವರಿಗೆ ಉಸಿರನ್ನು ಗಮನಿಸುವ ಧ್ಯಾನ ಕಲಿಸಿದರು. ಸಾವನ್ನು ಹೊಗಳಿ ಇನ್ನೊಬ್ಬರನ್ನು ಅದರತ್ತ ತಳ್ಳುವ ಭಿಕ್ಷುವಿಗೆ ಸಂಘದಲ್ಲಿ ಜಾಗವಿಲ್ಲ ಎಂದು ನಿಯಮ ಮಾಡಿದರು.

ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು. ಈ ಚಳಿಯಲ್ಲೇ ಎಲ್ಲ ಮುಗಿದುಹೋಗಲಿ ಎಂದು ಮನಸ್ಸು ಹೇಳಿದರೆ ಅದನ್ನು ವೈರಾಗ್ಯ ಅಂದುಕೊಳ್ಳಬೇಡಿ. ಬುದ್ಧರು ಆ ದಾರಿ ತುಳಿದು ನೋಡಿ ವಾಪಸ್ ಬಂದವರು. ಒಳಗೆ ಬನ್ನಿ, ಬಿಸಿ ಊಟ ಮಾಡಿ, ನಂಬುವ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮನೆಯಲ್ಲಿ ಯಾರಾದರೂ ಹಾಗೆ ಅಂದರೆ ಬೈಯಬೇಡಿ, ಉಪದೇಶವೂ ಬೇಡ. ಒಬ್ಬರನ್ನೇ ಬಿಡದೆ ಪಕ್ಕದಲ್ಲಿ ಕೂತು ಅನ್ನ ಬಡಿಸಿ. ಸುಜಾತೆಯೂ ಮೊದಲು ಅನ್ನವನ್ನೇ ಕೊಟ್ಟಳು.

ಎಲ್ಲರಿಗೂ ಮಂಗಳವಾಗಲಿ 🙏