ಸೋಲಿಗೆ ಮುಂದೆ, ಗೆಲುವಿಗೆ ಹಿಂದೆ: ಪ್ರೊ. ಸತೀಶ್ ಧವನ್



ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಆದರೆ ಅವರು ಸೋತ ದಿನ ಅವರ ಬೆನ್ನಿಗೆ ನಿಂತ ಹಿರಿಯರನ್ನು ನೀವು ಬಲ್ಲಿರಾ? ಅವರೇ ಪ್ರೊ. ಸತೀಶ್ ಧವನ್.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದ ಧವನ್, ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರದ ಜೊತೆಗೆ ಇಂಗ್ಲಿಷ್ ಸಾಹಿತ್ಯವನ್ನೂ ಇಂಜಿನಿಯರಿಂಗನ್ನೂ ಓದಿದರು. ಅಮೆರಿಕಾದಲ್ಲಿ ಉನ್ನತ ವ್ಯಾಸಂಗ ಮುಗಿಸಿ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು. 1962ರಿಂದ 1981ರವರೆಗೆ ಅದರ ನಿರ್ದೇಶಕರಾಗಿದ್ದರು. ವಿಕ್ರಮ್ ಸಾರಾಭಾಯಿಯವರ ನಿಧನಾನಂತರ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರಲು ಸರ್ಕಾರ ಕರೆದಾಗ, ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ, ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂಬ ಎರಡು ಷರತ್ತುಗಳನ್ನು ಹಾಕಿ 1972ರಲ್ಲಿ ಒಪ್ಪಿಕೊಂಡರು.

1979ರ ಆಗಸ್ಟ್ 10. ಶ್ರೀಹರಿಕೋಟಾದಲ್ಲಿ ಎಸ್.ಎಲ್.ವಿ.-3 ರಾಕೆಟ್ಟಿನ ಮೊದಲ ಉಡಾವಣೆ. ಯೋಜನಾ ನಿರ್ದೇಶಕರು ಕಲಾಂ. ಕೊನೆಯ ನಿಮಿಷಗಳಲ್ಲಿ ಕಂಪ್ಯೂಟರ್ ದೋಷವೊಂದನ್ನು ತೋರಿಸಿ ಉಡಾವಣೆಯನ್ನು ತಡೆಯಿತು. ತಜ್ಞರು ಭಯವಿಲ್ಲವೆಂದರು. ಅವರ ಮಾತನ್ನು ನಂಬಿ, ಮುಂದುವರಿಯುವ ನಿರ್ಧಾರವನ್ನು ಕಲಾಂ ಅವರೇ ಕೈಗೊಂಡರು. ಮೊದಲ ಹಂತ ಸರಿಯಾಗಿ ನಡೆಯಿತು. ಎರಡನೆಯ ಹಂತದಲ್ಲಿ ನಿಯಂತ್ರಣ ತಪ್ಪಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಅನೇಕ ವರ್ಷಗಳ ದುಡಿಮೆ ಕೆಲವೇ ನಿಮಿಷಗಳಲ್ಲಿ ನೀರುಪಾಲಾಯಿತು.

ಯೋಚಿಸಿ ನೋಡಿ. ತಪ್ಪು ಯಾರದೆಂದು ಬೆರಳು ತೋರಿಸುವುದು ಆಗ ಎಷ್ಟು ಸುಲಭವಿತ್ತು! ಧವನ್ ಹಾಗೆ ಮಾಡಲಿಲ್ಲ. ಪತ್ರಕರ್ತರ ಮುಂದೆ ತಾವೇ ಕುಳಿತು, ಸೋಲಿನ ಹೊಣೆಯನ್ನು ಸಂಸ್ಥೆಯ ಮುಖ್ಯಸ್ಥರಾಗಿ ತಾವು ಹೊತ್ತರು. ತಮ್ಮ ತಂಡದ ಮೇಲೆ ಪೂರ್ಣ ವಿಶ್ವಾಸವಿದೆಯೆಂದೂ ಮುಂದಿನ ವರ್ಷ ಅದು ಗೆಲ್ಲುವುದೆಂದೂ ತಿಳಿಸಿದರು. ಟೀಕೆಯ ಬಾಣಗಳು ಕಿರಿಯರನ್ನು ತಾಕದಂತೆ ನೋಡಿಕೊಂಡರು.

1980ರ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಿಕಾಗೋಷ್ಠಿ ನಡೆಸಲು ಧವನ್ ಕಲಾಂ ಅವರನ್ನು ಮುಂದೆ ಕಳುಹಿಸಿ, ತಾವು ಹಿಂದೆ ಸರಿದರು. ಈ ಪಾಠವನ್ನು ಕಲಾಂ ಮರೆಯಲಿಲ್ಲ. ರಾಷ್ಟ್ರಪತಿಯಾದ ಮೇಲೂ ಅದನ್ನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಿದರು.

ಧವನ್ 2002ರ ಜನವರಿ 3ರಂದು ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ನಾಳೆ ನೀವೂ ಒಂದು ಶಾಲೆಗೆ, ಕಚೇರಿಗೆ ಅಥವಾ ಅಂಗಡಿಗೆ ಯಜಮಾನರಾಗಬಹುದು. ಕೈಕೆಳಗಿನವರನ್ನು ಗೌರವಿಸುವುದೆಂದರೆ ನಗುಮುಖದಿಂದ ಮಾತಾಡಿಸುವುದಷ್ಟೇ ಅಲ್ಲ. ಅವರ ತಪ್ಪನ್ನು ನಾಲ್ಕು ಗೋಡೆಗಳ ಒಳಗೆ ತಿದ್ದಿ, ಅವರ ಸಾಧನೆಯನ್ನು ನಾಲ್ಕು ಜನರ ಮುಂದೆ ಹೇಳುವುದು. ಹಾಗೆ ಮಾಡಿದರೆ, ಇಂದು ಸೋತವನೇ ನಾಳೆ ನಿಮ್ಮ ಸಂಸ್ಥೆಗೆ ಕೀರ್ತಿ ತಂದಾನು.