ಕರುಣೆಗೆ ಕಣ್ಣು ಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್

ಮೇ 12 ವಿಶ್ವ ದಾದಿಯರ ದಿನ. ಅದು ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನವೂ ಹೌದು. ನರ್ಸಿಂಗ್ ವಿದ್ಯಾರ್ಥಿಗಳು ದೀಪ ಹಿಡಿದು ಅವರ ಹೆಸರಿನಲ್ಲಿ ಪ್ರತಿಜ್ಞೆ ಸ್ವೀಕರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆ ಪ್ರತಿಜ್ಞೆ ಅವರು ಬರೆದದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಚಿತವಾದದ್ದು. ಅವರೇ ಕಲಿಸಿದ ಪಾಠ ಬೇರೆ ಇದೆ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಅವರು ಜನಿಸಿದರು. ದೊಡ್ಡ ಮನೆಯ ಹೆಣ್ಣುಮಕ್ಕಳು ಆಸ್ಪತ್ರೆ ಕೆಲಸಕ್ಕೆ ಹೋಗುವುದು ಆಗ ಅವಮಾನವಾಗಿತ್ತು. ಮನೆಯವರ ವಿರೋಧದ ನಡುವೆಯೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು.

ಕ್ರಿಮಿಯ ಯುದ್ಧ ನಡೆಯುತ್ತಿದ್ದ 1854ರ ನವೆಂಬರ್‌ನಲ್ಲಿ 38 ಮಹಿಳೆಯರೊಂದಿಗೆ ಟರ್ಕಿಯ ಸ್ಕುಟಾರಿ ಸೈನಿಕ ಆಸ್ಪತ್ರೆ ಸೇರಿದರು. ಇವರಲ್ಲಿ 10 ಮಂದಿ ಕಥೋಲಿಕ ಧರ್ಮಭಗಿನಿಯರು. ಅವರಲ್ಲೊಬ್ಬರಾದ ಮದರ್ ಮೇರಿ ಕ್ಲೇರ್ ಮೂರ್ ನೈಟಿಂಗೇಲ್ ಅವರ ಆಪ್ತ ಗೆಳತಿಯಾದರು. ಊಟ, ಬಟ್ಟೆ, ಹಾಸಿಗೆ ಎಲ್ಲವನ್ನೂ ಸರಿಪಡಿಸಿದರೂ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. ಗಾಯಕ್ಕಿಂತ ಹೆಚ್ಚು ಮಂದಿ ಕಾಲರಾ, ಟೈಫಸ್, ಆಮಶಂಕೆಯಿಂದ ಸತ್ತರು. 1855ರ ಮಾರ್ಚ್‌ನಲ್ಲಿ ಸರಕಾರದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿ, ಗಾಳಿಗೆ ದಾರಿ ಮಾಡಿಸಿತು. ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ಇದ್ದ ಸಾವಿನ ಪ್ರಮಾಣ ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು.

ಊರಿಗೆ ಮರಳಿದ ಮೇಲೆ ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರೊಡನೆ ಕುಳಿತು ಲೆಕ್ಕ ನೋಡಿದಾಗ, ತಾವು ದುಡಿದ ಆಸ್ಪತ್ರೆಯ ಕೊಳಕೇ ಎಷ್ಟೋ ಸೈನಿಕರನ್ನು ಕೊಂದಿತೆಂದು ಅವರಿಗೆ ಮನವರಿಕೆಯಾಯಿತು. ಅದನ್ನು ಅವರು ಮುಚ್ಚಿಡದೆ 1858ರಲ್ಲಿ ಚಿತ್ರನಕ್ಷೆಗಳ ಮೂಲಕ ಅಧಿಕಾರಿಗಳ ಮುಂದಿಟ್ಟರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದರು. ಅವರ ಬೋಧನೆ ಸರಳ: ರೋಗಿ ಚೆನ್ನಾಗಿ ಮಲಗಿದನೇ ಎಂದು ಕೇಳಿದರೆ ಸಾಲದು, ಎಷ್ಟು ಗಂಟೆ ಮಲಗಿದ, ಯಾವಾಗ ಎದ್ದ ಎಂದು ತಿಳಿಯಬೇಕು. ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ನೋಡಬೇಕು. ಕಂಡದ್ದನ್ನು ಕಂಡಂತೆ ವೈದ್ಯರಿಗೆ ತಿಳಿಸಬೇಕು.

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ಇಲ್ಲಿನ ಆರೋಗ್ಯದ ಕುರಿತು ದಶಕಗಳ ಕಾಲ ಬರೆದರು. 1876-78ರ ಭೀಕರ ಬರಗಾಲದಲ್ಲಿ ಬಾಗಲಕೋಟೆ, ಬಾದಾಮಿ ಮತ್ತು ಇಳಕಲ್ ಸೇರಿದ್ದ ಹುನಗುಂದ ತಾಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದವು. ಆ ಸೀಮೆ ತತ್ತರಿಸಿ, ಜನಸಂಖ್ಯೆಯೇ ಕುಸಿಯಿತು. ಅದೇ 1878ರಲ್ಲಿ ಅವರು ಲಂಡನ್ನಿನ ಪತ್ರಿಕೆಯಲ್ಲಿ ಭಾರತದ ರೈತರ ಹಸಿವು, ಸಾಲದ ಬಗ್ಗೆ ಬರೆದರು. ನೀರಾವರಿ ಬೇಕೆಂದು ವಾದಿಸಿದರು. ಹಳ್ಳಿಯ ತೆರಿಗೆ ಮೊದಲು ಹಳ್ಳಿಯ ನೈರ್ಮಲ್ಯಕ್ಕೇ ಸಲ್ಲಲಿ ಎಂದು ಇಳಿವಯಸ್ಸಿನಲ್ಲೂ ಒತ್ತಾಯಿಸಿದರು.

1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಇಂದು ಬಾಗಲಕೋಟೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ರಾತ್ರಿ ಪಾಳಿಯ ವಿದ್ಯಾರ್ಥಿನಿ ರೋಗಿಯ ಉಸಿರು ಎಣಿಸಿ, ಮೂತ್ರದ ಪ್ರಮಾಣ ಅಳೆದು ಚಾರ್ಟಿನಲ್ಲಿ ಬರೆಯುತ್ತಾಳೆ. ಉಸಿರು ಏರುತ್ತಿದೆ ಎಂದು ಕಂಡರೆ ಬೆಳಗಿನವರೆಗೆ ಕಾಯದೆ ವೈದ್ಯರನ್ನು ಎಬ್ಬಿಸುತ್ತಾಳೆ. ನಮ್ಮ ಚರ್ಚುಗಳಿಂದ ಈ ಸೇವೆಗೆ ಹೊರಟಿರುವ ಮಕ್ಕಳಿಗೆ ಕರುಣೆಯ ಹೃದಯದೊಂದಿಗೆ ಇಂಥ ಎಚ್ಚರದ ಕಣ್ಣೂ ಇರಲೆಂದು ಹಾರೈಸೋಣ.